ಕಾನ್‌ನಿಂದ ಮಲೆನಾಡಿಗೆ: ಚಿತ್ರೋತ್ಸವದ ಹೊಸ ಸಿನಿಮಾಗಳನ್ನು ಗುರುತಿಟ್ಟು, ಕಾದು, ನೋಡುವ ಕ್ರಮ

ಮೇ ತಿಂಗಳ ನಡುವಿನಲ್ಲಿ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಸಂಜೆಯ ಮಳೆ ಗುಡುಗಿನೊಂದಿಗೆ ಬರುತ್ತದೆ, ಅದು ಬರುತ್ತಿದ್ದಂತೆ ಕರೆಂಟು ಹೋಗುತ್ತದೆ. ತೋಟವಿದ್ದವರು ಅಡಿಕೆಯ ಕೊಳೆರೋಗದ ಔಷಧಿಗೆ ಸುಣ್ಣ, ಮೈಲುತುತ್ತ ಹೊಂದಿಸುವ ಗಡಿಬಿಡಿಯಲ್ಲಿರುತ್ತಾರೆ. ಅದೇ ದಿನಗಳಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಕಾನ್ ಎಂಬ ಊರಿನಲ್ಲಿ, ಮುಂದಿನ ಒಂದು ವರ್ಷ ಜಗತ್ತಿನ ಸಿನಿಮಾಸಕ್ತರೆಲ್ಲ ಮಾತನಾಡಲಿರುವ ಚಿತ್ರಗಳು ಮೊದಲ ಬಾರಿಗೆ ತೆರೆಯ ಮೇಲೆ ಬರುತ್ತವೆ. ಮರುದಿನದ ಪತ್ರಿಕೆಯಲ್ಲಿ ಅವುಗಳ ಹೆಸರನ್ನು ಓದಿದ ಗೆಳೆಯರು ಪ್ರತಿವರ್ಷವೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇವು ನಮ್ಮ ಊರಿಗೆ ಎಂದಾದರೂ ಬರುತ್ತವೆಯೇ?

ಬರುತ್ತವೆ. ಎಲ್ಲವೂ ಬರುವುದಿಲ್ಲ, ಬಂದವು ಕೂಡ ಡಂಗುರ ಹೊಡೆದುಕೊಂಡು ಬರುವುದಿಲ್ಲ. ಆದರೆ ಒಂದು ಚಿತ್ರೋತ್ಸವದ ಚಿತ್ರ ಯಾವ ದಾರಿಯಲ್ಲಿ, ಎಷ್ಟು ತಿಂಗಳಲ್ಲಿ, ಯಾವ ಬಾಗಿಲಿನಿಂದ ನಮ್ಮನ್ನು ತಲುಪುತ್ತದೆ ಎಂಬುದನ್ನು ತಿಳಿದುಕೊಂಡರೆ ಶಿವಮೊಗ್ಗದಲ್ಲಿರುವವರೂ ಹೆಗ್ಗೋಡಿನಂಥ ಹಳ್ಳಿಯಲ್ಲಿರುವವರೂ ವರ್ಷಕ್ಕೆ ಹತ್ತು ಹನ್ನೆರಡು ಒಳ್ಳೆಯ ಚಿತ್ರಗಳನ್ನು ತಪ್ಪದೆ ನೋಡಬಹುದು. ಹಲವು ವರ್ಷಗಳಿಂದ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರನ್ನೂ ತಿಂಗಳುಗಳನ್ನೂ ಸರಿಮಾಡಿಕೊಳ್ಳಿ

ನಮ್ಮ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಕಾನ್, ಕಾನ್ಸ್, ಕೇನ್ಸ್, ಕ್ಯಾನೆಸ್ ಎಂದು ನಾಲ್ಕಾರು ರೂಪಗಳಲ್ಲಿ ಅಚ್ಚಾಗುತ್ತದೆ. ಫ್ರೆಂಚ್ ಉಚ್ಚಾರಣೆಗೆ ಹತ್ತಿರವಾದದ್ದು ಕಾನ್. ಕಾನು ಎಂದರೆ ದಟ್ಟ ನಿತ್ಯಹರಿದ್ವರ್ಣದ ಕಾಡು ಎಂದು ಬಲ್ಲ ಮಲೆನಾಡಿನವರಿಗೆ ಈ ಹೆಸರು ಮರೆಯುವಂಥದ್ದಲ್ಲ. ಆದರೆ ಕನ್ನಡದಲ್ಲಿ ಸುದ್ದಿ ಹುಡುಕುವಾಗ ಎಲ್ಲ ರೂಪಗಳನ್ನೂ ಬರೆದು ಹುಡುಕಿ, ಇಲ್ಲವಾದರೆ ಅರ್ಧ ಸುದ್ದಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಕಾಲ. ಕಾನ್ ಚಿತ್ರೋತ್ಸವ ಮೊದಲು ನಡೆದದ್ದು 1946ರಲ್ಲಿ. ಈಗ ಅದು ಪ್ರತಿವರ್ಷ ಮೇ ತಿಂಗಳಲ್ಲಿ ಸುಮಾರು ಹನ್ನೆರಡು ದಿನ ನಡೆಯುತ್ತದೆ, ಆಯ್ಕೆಯಾದ ಚಿತ್ರಗಳ ಮುಖ್ಯ ಪಟ್ಟಿಯನ್ನು ಏಪ್ರಿಲ್ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸುತ್ತಾರೆ. ಎಲ್ಲಕ್ಕಿಂತ ಹಳೆಯದಾದ, 1932ರಲ್ಲಿ ಆರಂಭವಾದ ವೆನಿಸ್ ಉತ್ಸವ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ನಡೆಯುತ್ತದೆ. ಅದರ ಪಟ್ಟಿ ಜುಲೈ ಕೊನೆಯಲ್ಲಿ, ಅಂದರೆ ನಮ್ಮಲ್ಲಿ ಆಷಾಢದ ಮಳೆ ಇನ್ನೂ ಬಿಡದಿರುವಾಗ ಹೊರಬೀಳುತ್ತದೆ. ಬರ್ಲಿನ್ ಫೆಬ್ರವರಿಯಲ್ಲಿ, ಸ್ವಿಟ್ಜರ್ಲೆಂಡಿನ ಲೊಕಾರ್ನೊ ಆಗಸ್ಟ್‌ನಲ್ಲಿ, ಟೊರಾಂಟೊ ಸೆಪ್ಟೆಂಬರ್‌ನಲ್ಲಿ. ಇವಿಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡರೆ ಸಾಕು.

ಪಟ್ಟಿಯನ್ನು ಓದುವ ಬಗೆ

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಕಾನ್‌ನಲ್ಲಿ ಪ್ರದರ್ಶನಗೊಂಡ ಚಿತ್ರ’ ಎಂಬ ಮಾತಿಗೆ ಹಲವು ಅರ್ಥಗಳಿವೆ. ಮುಖ್ಯ ಸ್ಪರ್ಧೆಯಲ್ಲಿ ಇಪ್ಪತ್ತೆರಡರ ಆಸುಪಾಸಿನಲ್ಲಿ ಚಿತ್ರಗಳಿರುತ್ತವೆ. 1955ರಲ್ಲಿ ಮೊದಲ ಬಾರಿಗೆ ಕೊಡಲಾದ ಪಾಮ್ ದೋರ್, ಅಂದರೆ ಚಿನ್ನದ ತಾಳೆಗರಿಯ ಪ್ರಶಸ್ತಿ, ಈ ಚಿತ್ರಗಳಲ್ಲೊಂದಕ್ಕೆ ಸಲ್ಲುತ್ತದೆ. ಗ್ರಾಂ ಪ್ರೀ ಎನ್ನುವುದು ಅದರ ನಂತರದ ಎರಡನೆಯ ಪ್ರಶಸ್ತಿ. ಹೆಸರಿನಲ್ಲಿ ‘ಗ್ರ್ಯಾಂಡ್’ ಇರುವುದರಿಂದ ಇದನ್ನೇ ಮೊದಲನೆಯದೆಂದು ಬರೆಯುವ ತಪ್ಪು ನಮ್ಮ ಸುದ್ದಿಗಳಲ್ಲಿ ಆಗಾಗ ಕಾಣುತ್ತದೆ.

1978ರಲ್ಲಿ ಆರಂಭವಾದ ‘ಅನ್ ಸರ್ಟನ್ ರಿಗಾರ್’ ಎಂಬ ವಿಭಾಗವೂ ಅಧಿಕೃತ ಆಯ್ಕೆಯೇ. ಹೊಸ ದನಿಯ, ಬೇರೆ ಬಗೆಯ ನೋಟವುಳ್ಳ ಚಿತ್ರಗಳು ಅಲ್ಲಿ ಸಿಗುತ್ತವೆ, ಅದಕ್ಕೆ ಪ್ರತ್ಯೇಕ ತೀರ್ಪುಗಾರರು ಇರುತ್ತಾರೆ. 1962ರಿಂದ ನಡೆಯುತ್ತಿರುವ ವಿಮರ್ಶಕರ ಸಪ್ತಾಹ ಮತ್ತು 1969ರಿಂದ ನಡೆಯುತ್ತಿರುವ ನಿರ್ದೇಶಕರ ಪಾಕ್ಷಿಕ ಎಂಬ ಎರಡು ವಿಭಾಗಗಳು ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ನಡೆದರೂ ಬೇರೆ ಸಂಸ್ಥೆಗಳ ಆಯ್ಕೆಗಳು, ಅವುಗಳ ಪಟ್ಟಿಯೂ ಬೇರೆಯಾಗಿಯೇ ಪ್ರಕಟವಾಗುತ್ತದೆ. ವಿಮರ್ಶಕರ ಸಪ್ತಾಹದ ಸ್ಪರ್ಧೆ ನಿರ್ದೇಶಕರ ಮೊದಲ ಅಥವಾ ಎರಡನೆಯ ಚಿತ್ರಗಳಿಗೆ ಮೀಸಲು. ನನ್ನ ಅನುಭವದಲ್ಲಿ, ಮುಂದಿನ ಹತ್ತು ವರ್ಷಗಳ ದೊಡ್ಡ ನಿರ್ದೇಶಕರು ಯಾರು ಎಂದು ಮೊದಲೇ ತಿಳಿಯಬೇಕೆನ್ನುವವರು ಕಣ್ಣಿಡಬೇಕಾದದ್ದು ಮುಖ್ಯ ಸ್ಪರ್ಧೆಗಿಂತ ಹೆಚ್ಚಾಗಿ ಈ ಪಟ್ಟಿಗಳ ಮೇಲೆ.

ಕನ್ನಡದವರು ಬಿಡಬಾರದ ಇನ್ನೊಂದು ವಿಭಾಗ ‘ಲಾ ಸಿನೆಫ್’. ಜಗತ್ತಿನ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳು ಮಾಡಿದ ಕಿರುಚಿತ್ರಗಳಿಗಾಗಿ ಇರುವ ಈ ವಿಭಾಗದಲ್ಲಿ 2024ರಲ್ಲಿ ಮೊದಲ ಬಹುಮಾನ ಪಡೆದದ್ದು ಒಂದು ಕನ್ನಡ ಚಿತ್ರ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿದ್ದ ಚಿದಾನಂದ ಎಸ್. ನಾಯ್ಕ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಆ ಚಿತ್ರದಲ್ಲಿ ಒಬ್ಬ ಅಜ್ಜಿ ಊರಿನ ಹುಂಜವನ್ನು ಕದಿಯುತ್ತಾಳೆ, ಕೋಳಿ ಕೂಗದೆ ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಅಜ್ಜಿಯಂದಿರು ಒಲೆಯ ಮುಂದೆ ಹೇಳುತ್ತಿದ್ದ ಕಥೆ ಅದು. ಮುಖ್ಯ ಸ್ಪರ್ಧೆಯ ಪಟ್ಟಿಯನ್ನಷ್ಟೇ ಓದಿ ಮಡಚಿಟ್ಟಿದ್ದರೆ ಇಂಥದ್ದು ನಮ್ಮ ಗಮನಕ್ಕೇ ಬರುತ್ತಿರಲಿಲ್ಲ.

ಈಗ ಎಚ್ಚರಿಕೆಯ ಮಾತು. ಉತ್ಸವದ ಜೊತೆಯಲ್ಲೇ ಅಲ್ಲೊಂದು ಚಿತ್ರಗಳ ಮಾರುಕಟ್ಟೆ ನಡೆಯುತ್ತದೆ, ನಿರ್ಮಾಪಕರು ಹಣ ಕಟ್ಟಿ ಒಂದು ಪರದೆಯನ್ನು ಬಾಡಿಗೆಗೆ ಪಡೆದು ಖರೀದಿದಾರರಿಗೆ ತಮ್ಮ ಚಿತ್ರವನ್ನು ತೋರಿಸಬಹುದು. ಅದು ನ್ಯಾಯವಾದ ವ್ಯಾಪಾರವೇ ಹೌದು, ಆದರೆ ಆಯ್ಕೆ ಅಲ್ಲ. ಊರಿನ ಹೆಸರನ್ನು ತಮ್ಮ ಹೆಸರಿನಲ್ಲಿ ಸೇರಿಸಿಕೊಂಡು ನಡೆಯುವ ಬೇರೆ ಸಣ್ಣಪುಟ್ಟ ಸ್ಪರ್ಧೆಗಳೂ ಇವೆ. ಕೆಂಪುಹಾಸಿನ ಮೇಲೆ ನಡೆದ ನಟನಟಿಯರಲ್ಲಿ ಹಲವರು ಯಾವುದೋ ಸೌಂದರ್ಯವರ್ಧಕ ಕಂಪನಿಯ ಪ್ರತಿನಿಧಿಗಳಾಗಿ ಹೋದವರು. ಆದ್ದರಿಂದ ‘ಕಾನ್‌ಗೆ ಆಯ್ಕೆ’ ಎಂಬ ಸುದ್ದಿ ಓದಿದಾಗ ಉತ್ಸವದ ಅಧಿಕೃತ ಜಾಲತಾಣವನ್ನು ತೆರೆದು, ಚಿತ್ರದ ಹೆಸರು ಯಾವ ವಿಭಾಗದ ಅಡಿಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ. ವಿಭಾಗದ ಹೆಸರು ಸಿಗದಿದ್ದರೆ ಆ ಚಿತ್ರವನ್ನು ನಿಮ್ಮ ಪಟ್ಟಿಗೆ ಸೇರಿಸುವ ಆತುರ ಬೇಡ.

ಚಪ್ಪಾಳೆ ಎಷ್ಟು ನಿಮಿಷ ನಡೆಯಿತು ಎಂಬ ಲೆಕ್ಕವನ್ನೂ ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಚಿತ್ರತಂಡ ಎದುರಿಗೇ ನಿಂತಿರುವಾಗ ಸಭೆ ಎದ್ದು ಚಪ್ಪಾಳೆ ತಟ್ಟುವುದು ಅಲ್ಲಿನ ರೂಢಿ.

ಹತ್ತು ಚಿತ್ರಗಳ ನಿಮ್ಮದೇ ಪಟ್ಟಿ

ಏಪ್ರಿಲ್‌ನಲ್ಲಿ ಪಟ್ಟಿ ಬಂದಾಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬರೆದಿಟ್ಟದ್ದು ಫೋನ್ ಬದಲಿಸಿದಾಗ ಹೋಗುತ್ತದೆ, ಪುಸ್ತಕದಲ್ಲಿ ಬರೆದದ್ದು ಅಟ್ಟದ ಮೇಲಾದರೂ ಉಳಿದಿರುತ್ತದೆ. ಒಂದು ಪುಟಕ್ಕೆ ಒಂದು ಚಿತ್ರ. ಮೇಲೆ ಚಿತ್ರದ ಹೆಸರನ್ನು ಮೂಲ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿರಿ, ಏಕೆಂದರೆ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿನಲ್ಲಿ ಅದು ಸಿಗುತ್ತದೆ. ಅದರ ಕೆಳಗೆ ನಿರ್ದೇಶಕರ ಹೆಸರು, ದೇಶ, ವಿಭಾಗ, ಮೊದಲ ಪ್ರದರ್ಶನದ ದಿನ. ಉಳಿದ ಪುಟ ಖಾಲಿ ಬಿಡಿ. ಭಾರತದಲ್ಲಿ ಯಾರು ಬಿಡುಗಡೆ ಮಾಡುತ್ತಾರೆ, ಯಾವ ಉತ್ಸವಕ್ಕೆ ಬಂತು, ನೀವು ಎಲ್ಲಿ ನೋಡಿದಿರಿ ಎಂಬುದನ್ನು ತಿಂಗಳು ತಿಂಗಳು ತುಂಬುತ್ತಾ ಹೋಗಬಹುದು.

ಹತ್ತನ್ನು ಆರಿಸುವುದು ಹೇಗೆ? ಪ್ರಸಿದ್ಧ ಹೆಸರುಗಳ ಬೆನ್ನು ಹತ್ತುವುದಕ್ಕಿಂತ ನಿಮ್ಮ ಬದುಕಿಗೆ ತಾಗುವ ಒಂದು ಎಳೆಯನ್ನು ಹುಡುಕಿ ಎಂಬುದು ನನ್ನ ಸಲಹೆ. 2025ರ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಆ ವರ್ಷ ಪಾಮ್ ದೋರ್ ಪಡೆದದ್ದು ಇರಾನಿನ ಜಾಫರ್ ಪನಾಹಿಯವರ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’. ಒಮ್ಮೆ ಸೆರೆಮನೆಯಲ್ಲಿದ್ದ ಒಬ್ಬ ಮೆಕ್ಯಾನಿಕ್, ಕೃತಕ ಕಾಲಿನ ಸದ್ದನ್ನು ಕೇಳಿ ತನ್ನನ್ನು ಹಿಂಸಿಸಿದವನು ಇವನೇ ಎಂದು ಗುರುತಿಸುತ್ತಾನೆ. ಆದರೆ ಅಲ್ಲಿ ತಾನು ಅವನ ಮುಖವನ್ನೇ ನೋಡಿರಲಿಲ್ಲ ಎಂಬ ಸಂಶಯ ಅವನನ್ನು ಬಿಡುವುದಿಲ್ಲ. ಜರ್ಮನಿಯ ಮಾಶಾ ಶಿಲಿನ್ಸ್ಕಿಯವರ ‘ಸೌಂಡ್ ಆಫ್ ಫಾಲಿಂಗ್’ ತೀರ್ಪುಗಾರರ ಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಂದಿಗೆ ಹಂಚಿಕೊಂಡಿತು. ಒಂದೇ ಹಳ್ಳಿಮನೆಯಲ್ಲಿ, ಸುಮಾರು ನೂರು ವರ್ಷಗಳ ಅವಧಿಯ ನಾಲ್ಕು ಬೇರೆ ಬೇರೆ ಕಾಲಗಳಲ್ಲಿ ಬೆಳೆದ ನಾಲ್ವರು ಹುಡುಗಿಯರ ಕಥೆ ಅದು. ತೊಟ್ಟಿಮನೆಯಲ್ಲಿ ಹುಟ್ಟಿ, ಅದೇ ಮಾಳಿಗೆಯ ಕತ್ತಲೆಗೆ ತನ್ನ ಅಜ್ಜಿಯೂ ಹೆದರಿದ್ದಳು ಎಂದು ತಿಳಿದು ಬೆಳೆದವರಿಗೆ ಈ ಚಿತ್ರದ ಒಂದು ಸಾಲಿನ ಪರಿಚಯವೇ ಸಾಕು, ನಾನು ಅದನ್ನು ಪಟ್ಟಿಯ ಮೊದಲಿಗೇ ಬರೆದುಕೊಂಡೆ. ಗ್ರಾಂ ಪ್ರೀ ಪಡೆದ ನಾರ್ವೆಯ ಯೋಕಿಮ್ ಟ್ರಿಯರ್ ಅವರ ‘ಸೆಂಟಿಮೆಂಟಲ್ ವ್ಯಾಲ್ಯೂ’ ಕೂಡ ಒಂದು ಹಳೆಯ ಮನೆ, ಇಬ್ಬರು ಹೆಣ್ಣುಮಕ್ಕಳು ಮತ್ತು ದೂರವಾದ ತಂದೆಯ ಸುತ್ತ ನಡೆಯುವ ಕಥೆ. ಆಸ್ತಿ ಪಾಲಾದ ಮನೆಗಳನ್ನು ಬಲ್ಲ ನಮ್ಮವರಿಗೆ ಅದರ ವಿಷಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಪಟ್ಟಿಯಲ್ಲಿ ಒಂದು ಜಾಗವನ್ನು ಹಳೆಯ ಚಿತ್ರಕ್ಕೆ ಮೀಸಲಿಡಿ. ದೊಡ್ಡ ಉತ್ಸವಗಳಲ್ಲಿ ‘ಕ್ಲಾಸಿಕ್ಸ್’ ಎಂಬ ವಿಭಾಗವಿರುತ್ತದೆ, ಹಾಳಾಗುತ್ತಿದ್ದ ಹಳೆಯ ಪ್ರತಿಗಳನ್ನು ಸರಿಪಡಿಸಿ ಹೊಸದಾಗಿ ಅಲ್ಲಿ ತೋರಿಸುತ್ತಾರೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಮಾಡಿದ, 1977ರ ‘ಘಟಶ್ರಾದ್ಧ’ ಹೀಗೆಯೇ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಮಲೆನಾಡಿನ ಒಂದು ಅಗ್ರಹಾರದ ಕಥೆ ನಲವತ್ತೇಳು ವರ್ಷಗಳ ನಂತರ ಇಟಲಿಯಲ್ಲಿ ಮತ್ತೆ ಹೊಸದಾಗಿ ತೆರೆ ಕಂಡಿತು ಎಂಬ ಸುದ್ದಿ ಓದಿದ ದಿನ ನನಗೆ ಆದ ಸಂತೋಷವನ್ನು ಹೇಳಲಾರೆ. ಹೊಸ ಪ್ರತಿ ಎಲ್ಲಾದರೂ ಪ್ರದರ್ಶನಗೊಳ್ಳುವುದು ತಿಳಿದರೆ, ಯೂಟ್ಯೂಬಿನ ಮಸುಕಾದ ಪ್ರತಿಯನ್ನು ನೋಡಿದವರೂ ಮತ್ತೊಮ್ಮೆ ಹೋಗಿ ನೋಡಬೇಕು.

ಚಿತ್ರ ನಮ್ಮನ್ನು ತಲುಪುವ ದಾರಿ

ಉತ್ಸವದಲ್ಲಿ ಪ್ರದರ್ಶನವಾದ ಚಿತ್ರವನ್ನು ಒಂದೊಂದು ದೇಶಕ್ಕೆ ಒಬ್ಬೊಬ್ಬ ವಿತರಕರು ಖರೀದಿಸುತ್ತಾರೆ. ಭಾರತಕ್ಕೆ ಕೊಂಡವರು ಇಲ್ಲಿನ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದು ಚಿತ್ರಮಂದಿರಕ್ಕೆ ತರುತ್ತಾರೆ, ಅಥವಾ ನೇರವಾಗಿ ಒಟಿಟಿಗೆ ಕೊಡುತ್ತಾರೆ. ನಡುವೆ ಚಿತ್ರ ಗೋವಾ, ಕೇರಳ, ಬೆಂಗಳೂರು ಮೊದಲಾದ ಉತ್ಸವಗಳಲ್ಲಿ ಕಾಣಿಸಿಕೊಳ್ಳಬಹುದು. ಉತ್ಸವದ ಪ್ರದರ್ಶನಗಳಿಗೆ ಕೇಂದ್ರ ಸರ್ಕಾರ ಸೆನ್ಸಾರ್ ವಿನಾಯಿತಿ ಕೊಡುವುದರಿಂದ ಅಲ್ಲಿ ಚಿತ್ರವನ್ನು ಕತ್ತರಿಯಿಲ್ಲದೆ ನೋಡಬಹುದು.

ಇದಕ್ಕೆಲ್ಲ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಕೆಲವು ನಿಜವಾದ ತಾರೀಖುಗಳನ್ನು ನೋಡಿ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಮೂವತ್ತು ವರ್ಷಗಳ ನಂತರ ಕಾನ್‌ನ ಮುಖ್ಯ ಸ್ಪರ್ಧೆಗೆ ಹೋದ ಭಾರತೀಯ ಚಿತ್ರವಾಗಿ 2024ರ ಮೇ ತಿಂಗಳಲ್ಲಿ ಗ್ರಾಂ ಪ್ರೀ ಪಡೆಯಿತು. ದೇಶದಾದ್ಯಂತ ಚಿತ್ರಮಂದಿರಗಳಿಗೆ ಬಂದದ್ದು ಅದೇ ನವೆಂಬರ್ 22ರಂದು, ಒಟಿಟಿಗೆ ಬಂದದ್ದು 2025ರ ಜನವರಿ ಆರಂಭದಲ್ಲಿ. ನೀರಜ್ ಘೇವಾನ್ ಅವರ ‘ಹೋಮ್‌ಬೌಂಡ್’ 2025ರ ಮೇ ತಿಂಗಳಲ್ಲಿ ಅನ್ ಸರ್ಟನ್ ರಿಗಾರ್ ವಿಭಾಗದಲ್ಲಿ ಪ್ರದರ್ಶನಗೊಂಡು, ಸೆಪ್ಟೆಂಬರ್ 26ಕ್ಕೆ ಇಲ್ಲಿ ಬಿಡುಗಡೆಯಾಗಿ, ನವೆಂಬರ್‌ನಲ್ಲಿ ಒಟಿಟಿಗೆ ಬಂತು. ಕೊರಿಯಾದ ‘ಪ್ಯಾರಸೈಟ್’ 2019ರ ಮೇ ತಿಂಗಳಲ್ಲಿ ಪಾಮ್ ದೋರ್ ಗೆದ್ದರೂ ಭಾರತದ ಚಿತ್ರಮಂದಿರಕ್ಕೆ ಬಂದದ್ದು 2020ರ ಜನವರಿ ಕೊನೆಗೆ. ನಮ್ಮದೇ ಕನ್ನಡದ ‘ತಿಥಿ’ 2015ರ ಆಗಸ್ಟ್‌ನಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆದು, ಮಂಡ್ಯದ ಕಡೆಯ ಮಾತಿನ ಆ ಚಿತ್ರ ಕರ್ನಾಟಕದ ತೆರೆಗೆ ಬರಲು 2016ರ ಮೇ ತಿಂಗಳವರೆಗೆ ಕಾಯಬೇಕಾಯಿತು.

ಹೀಗಾಗಿ ನಾಲ್ಕು ತಿಂಗಳಿಗಿಂತ ಮೊದಲು ಹುಡುಕಾಡಿ ಬೇಸರಪಡಬೇಡಿ, ಒಂಬತ್ತು ತಿಂಗಳವರೆಗೆ ಆಸೆ ಬಿಡಬೇಡಿ. ನಾನು ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಮೊದಲ ಪ್ರದರ್ಶನದ ದಿನದಿಂದ ಆರು ತಿಂಗಳು ಎಣಿಸಿ ಒಂದು ತಾರೀಖು ಬರೆದಿಡುತ್ತೇನೆ. ಆ ವಾರದಿಂದ ಹದಿನೈದು ದಿನಕ್ಕೊಮ್ಮೆ ಚಿತ್ರದ ಹೆಸರನ್ನು ಹುಡುಕಿ ನೋಡುತ್ತೇನೆ. ಯಾವ ಚಿತ್ರ ಯಾವ ಒಟಿಟಿಯಲ್ಲಿದೆ ಎಂದು ತಿಳಿಸುವ ಜಸ್ಟ್‌ವಾಚ್‌ನಂಥ ತಾಣಗಳಲ್ಲಿ ದೇಶವನ್ನು ಭಾರತ ಎಂದು ಆರಿಸಿಕೊಂಡು ಹುಡುಕಿದರೆ ಸಮಯ ಉಳಿಯುತ್ತದೆ. ಉತ್ಸವದ ಚಿತ್ರಗಳನ್ನೇ ಹೆಚ್ಚಾಗಿ ತರುವ ಮೂಬಿ ಎಂಬ ಒಟಿಟಿಗೆ ವರ್ಷವಿಡೀ ಹಣ ಕಟ್ಟುವ ಅಗತ್ಯವಿಲ್ಲ. ನಿಮ್ಮ ಪಟ್ಟಿಯ ಮೂರು ನಾಲ್ಕು ಚಿತ್ರಗಳು ಅಲ್ಲಿ ಸೇರುವವರೆಗೆ ಕಾದು ಒಂದು ತಿಂಗಳಿಗೆ ಚಂದಾ ಕಟ್ಟಿ ಎಲ್ಲವನ್ನೂ ನೋಡಿ ಮುಗಿಸಬಹುದು.

ಟೆಲಿಗ್ರಾಂನಲ್ಲಿ ಕದ್ದ ಪ್ರತಿ ಮೊದಲೇ ಸಿಗುತ್ತದೆ ಎನ್ನುವವರು ನಿಮಗೂ ಸಿಕ್ಕಿಯಾರು. ಇಂಥ ಚಿತ್ರಗಳು ಸಣ್ಣ ಬಂಡವಾಳದವು, ಭಾರತದಲ್ಲಿ ಒಂದಿಷ್ಟು ಟಿಕೆಟ್ ಮಾರಾಟವಾದರಷ್ಟೇ ಮುಂದಿನ ಚಿತ್ರವನ್ನು ವಿತರಕರು ಕೊಳ್ಳುತ್ತಾರೆ. ದಯವಿಟ್ಟು ಕದ್ದ ಪ್ರತಿಯನ್ನು ನೋಡಬೇಡಿ.

ಶಿವಮೊಗ್ಗದ ಚಿತ್ರಮಂದಿರಕ್ಕೆ ಬಂದಾಗ

ಬಂದರೆ ಶುಕ್ರವಾರವೇ ಹೋಗಿ. ಇಂಥ ಚಿತ್ರಕ್ಕೆ ದಿನಕ್ಕೆ ಒಂದೇ ಆಟ, ಅದೂ ಬೆಳಗ್ಗೆ ಅಥವಾ ರಾತ್ರಿ ತಡವಾಗಿ ಇರುತ್ತದೆ, ಜನ ಬರದಿದ್ದರೆ ವಾರದ ನಡುವೆಯೇ ಕಿತ್ತುಹಾಕುತ್ತಾರೆ. ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಹೋಗೋಣ ಎಂದು ಕಾದಿದ್ದ ನಾನು, ಸಾಗರದಿಂದ ಎಪ್ಪತ್ತು ಕಿಲೋಮೀಟರ್ ದಾರಿ ಹೋಗಿ ಟಿಕೆಟ್ ಕೌಂಟರಿನ ಮುಂದೆ ಬೇರೆ ಚಿತ್ರದ ಪೋಸ್ಟರ್ ನೋಡಿ ವಾಪಸು ಬಂದದ್ದಿದೆ. ಆ ಚಿತ್ರವನ್ನು ದೊಡ್ಡ ತೆರೆಯಲ್ಲಿ ನೋಡುವ ಅವಕಾಶ ನನಗೆ ಮತ್ತೆ ಸಿಗಲಿಲ್ಲ. ಅಂದಿನಿಂದ ಗುರುವಾರ ರಾತ್ರಿಯೇ ಬುಕ್‌ಮೈಶೋದಲ್ಲಿ ನೋಡಿ, ಆರೇಳು ಜನರಿಗೆ ಫೋನ್ ಮಾಡಿ, ಒಟ್ಟಿಗೆ ಟಿಕೆಟ್ ತೆಗೆಯುತ್ತೇನೆ. ಮುಂಗಡವಾಗಿ ಹತ್ತು ಸೀಟು ತುಂಬಿದ ಆಟವನ್ನು ರದ್ದು ಮಾಡುವ ಮೊದಲು ಯಾರಾದರೂ ಒಮ್ಮೆ ಯೋಚಿಸುತ್ತಾರೆ.

ಬೆಂಗಳೂರಿನ ಉತ್ಸವಕ್ಕೆ ಹೋಗುವ ತಯಾರಿ

ಮಲೆನಾಡಿನವರಿಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಬಾಗಿಲು ಇದೇ. ಗೋವಾದ ಉತ್ಸವ ಪ್ರತಿವರ್ಷ ನವೆಂಬರ್ 20ರಿಂದ ನಡೆಯುತ್ತದೆ, ಅದು 1952ರಿಂದಲೂ ಇರುವ ದೊಡ್ಡ ಉತ್ಸವ, ಹೊನ್ನಾವರ, ಕಾರವಾರದ ಮೇಲೆ ಹೋದರೆ ನಮಗೆ ದೂರವೂ ಅಲ್ಲ. ಆದರೆ ಅಡಿಕೆ ಕೊನೆ ಕೊಯ್ದು ರಾತ್ರಿಯೆಲ್ಲ ಸುಲಿಯುವ ಕಾಲ ಅದು, ತೋಟದ ಮನೆಯವರು ವಾರಗಟ್ಟಲೆ ಹೊರಡುವಂತಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಇತ್ತೀಚಿನ ವರ್ಷಗಳಲ್ಲಿ ಜನವರಿ ಕೊನೆಯಿಂದ ಮಾರ್ಚ್ ತಿಂಗಳೊಳಗೆ ನಡೆಯುತ್ತಿದೆ. ಸುಲಿತ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಹೊತ್ತು. ಹಿಂದಿನ ಮೇ ತಿಂಗಳ ಕಾನ್ ಚಿತ್ರಗಳೂ, ಸೆಪ್ಟೆಂಬರಿನ ವೆನಿಸ್ ಚಿತ್ರಗಳೂ ಅಷ್ಟರಲ್ಲಿ ಭಾರತಕ್ಕೆ ಬಂದಿರುತ್ತವೆ.

ಪ್ರವೇಶಕ್ಕೆ ಪ್ರತಿನಿಧಿ ಪಾಸ್ ಬೇಕು, ನೋಂದಣಿ ಆನ್‌ಲೈನಿನಲ್ಲಿ ಆರಂಭವಾಗುತ್ತದೆ. 2025ರ ಆವೃತ್ತಿಯಲ್ಲಿ ಸಾರ್ವಜನಿಕರಿಗೆ 800 ರೂಪಾಯಿ, ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ ಮತ್ತು ಚಿತ್ರಸಮಾಜಗಳ (ಫಿಲ್ಮ್ ಸೊಸೈಟಿಗಳ) ಸದಸ್ಯರಿಗೆ 400 ರೂಪಾಯಿ ಇತ್ತು. ಇಡೀ ವಾರಕ್ಕೆ ಇಷ್ಟು ಎಂದರೆ ಬೆಂಗಳೂರಿನ ಮಾಲ್‌ನಲ್ಲಿ ಎರಡು ಮೂರು ಟಿಕೆಟಿನ ಬೆಲೆ. ಗುರುತಿನ ಚೀಟಿ ಮರೆಯಬೇಡಿ.

ಶಿವಮೊಗ್ಗದಿಂದ ಬೆಳಗಿನ ಜಾವದ ಜನಶತಾಬ್ದಿ ಹಿಡಿದರೆ ಬೆಳಗಿನ ಪ್ರದರ್ಶನಗಳು ಶುರುವಾಗುವ ಹೊತ್ತಿಗೆ ಯಶವಂತಪುರದಲ್ಲಿ ಇಳಿಯಬಹುದು, ಅಲ್ಲಿಂದ ಮುಂದೆ ಮೆಟ್ರೊ ಇದೆ. ಚಿತ್ರಮಂದಿರ ಯಾವುದು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಉಳಿದುಕೊಳ್ಳುವ ವ್ಯವಸ್ಥೆಯನ್ನು ಸ್ಥಳ ಪ್ರಕಟವಾದ ಮೇಲೆಯೇ ಮಾಡಿ. ಇಡೀ ವಾರ ಆಗದಿದ್ದರೆ ಮಧ್ಯದ ಮೂರು ದಿನ ಆರಿಸಿಕೊಳ್ಳಿ. ಮೊದಲ ದಿನಗಳಲ್ಲಿ ನೋಡಿದವರು ಯಾವುದು ಚೆನ್ನಾಗಿದೆ ಎಂದು ಸಾಲಿನಲ್ಲಿ ನಿಂತು ಹೇಳುವ ಮಾತು ಎಲ್ಲ ವಿಮರ್ಶೆಗಳಿಗಿಂತ ಉಪಯುಕ್ತ.

ಪ್ರದರ್ಶನಗಳ ವೇಳಾಪಟ್ಟಿ ಕೈಗೆ ಸಿಕ್ಕಾಗ ನಿಮ್ಮ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮುಂದೆ ಒಟಿಟಿಯಲ್ಲಿ ಬಂದೇ ಬರುತ್ತದೆ ಎನಿಸುವ ಪ್ರಸಿದ್ಧ ಚಿತ್ರಕ್ಕೆ ಎರಡು ಗಂಟೆ ಸಾಲಿನಲ್ಲಿ ನಿಲ್ಲುವ ಬದಲು, ಭಾರತದಲ್ಲಿ ಯಾರೂ ಕೊಂಡಿಲ್ಲದ ಚಿತ್ರವನ್ನು ಪಕ್ಕದ ಪರದೆಯಲ್ಲಿ ನೋಡಿ. ಅದು ಮತ್ತೆ ಸಿಗುವುದಿಲ್ಲ. ದಿನಕ್ಕೆ ಐದು ಚಿತ್ರ ನೋಡಲು ಸಾಧ್ಯವಿದೆ, ಆದರೆ ಮೂರಕ್ಕಿಂತ ಹೆಚ್ಚು ನೋಡಿದರೆ ಮರುದಿನ ಬೆಳಗ್ಗೆ ಒಂದರ ಮುಖ ಇನ್ನೊಂದರ ಕಥೆಯಲ್ಲಿ ಸೇರಿಕೊಂಡಿರುತ್ತದೆ. ಪ್ರತಿ ಚಿತ್ರದ ನಂತರ ಹತ್ತು ನಿಮಿಷ ಕುಳಿತು, ಕಣ್ಣಿಗೆ ಕಟ್ಟಿದ ಒಂದು ದೃಶ್ಯವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ, ನೀವು ಕಂಡದ್ದು ನಿಮ್ಮಲ್ಲಿ ಮಾತ್ರ ಇರುತ್ತದೆ.

ಮನೆಯಲ್ಲಿ, ಮನೆಯವರೊಂದಿಗೆ

ಹಳ್ಳಿಯಲ್ಲಿರುವವರಿಗೆ ಮೊದಲ ತೊಡಕು ನೆಟ್‌ವರ್ಕ್. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಎಚ್‌ಡಿ ಗುಣಮಟ್ಟದಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೂ ಡೇಟಾ ಬೇಕಾಗುತ್ತದೆ, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಪೇಟೆಗೆ ಹೋದಾಗ ವೈಫೈ ಇರುವ ಕಡೆ ಆ್ಯಪ್‌ನಲ್ಲಿಯೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಆದರೆ ಫೋನಿನಲ್ಲಿ ಡೌನ್‌ಲೋಡ್ ಆದದ್ದನ್ನು ಟಿವಿಗೆ ಹಾಯಿಸಲು ಕೆಲವು ಆ್ಯಪ್‌ಗಳು ಬಿಡುವುದಿಲ್ಲ. ನೆಂಟರನ್ನು ಕರೆದು ಕೂರಿಸುವ ಮೊದಲು ಐದು ನಿಮಿಷ ಪರೀಕ್ಷಿಸಿ ನೋಡಿ. ಡೌನ್‌ಲೋಡಿಗೂ ಅವಧಿ ಇರುತ್ತದೆ, ಅದು ಮುಗಿಯುವುದರೊಳಗೆ ನೋಡಿ ಮುಗಿಸಿ.

ಎರಡನೆಯ ತೊಡಕು ಸಬ್‌ಟೈಟಲ್. ಕನ್ನಡದಲ್ಲಿ ಸಬ್‌ಟೈಟಲ್ ಇರುವ ಉತ್ಸವದ ಚಿತ್ರ ಅಪರೂಪ. ಇಂಗ್ಲಿಷ್ ಅಕ್ಷರಗಳು ಸಣ್ಣದಾಗಿ ಬಂದು ಓದುವುದರೊಳಗೆ ಹೋಗುತ್ತವೆ. ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿ, ಹಿಂದೆ ಕಪ್ಪು ಪಟ್ಟಿ ಬರುವಂತೆ ಮಾಡಿಕೊಳ್ಳಿ. ಇಂಗ್ಲಿಷ್ ಓದಲಾಗದ ಹಿರಿಯರಿದ್ದರೆ ಅವರನ್ನು ಬಿಟ್ಟು ನೋಡಬೇಡಿ. ಚಿತ್ರ ಹಚ್ಚುವ ಮೊದಲು ಯಾರು ಯಾರಿಗೆ ಏನಾಗಬೇಕು, ಊರು ಯಾವುದು, ಕಾಲ ಯಾವುದು ಎಂದು ಕನ್ನಡದಲ್ಲಿ ಎರಡು ನಿಮಿಷ ಹೇಳಿ. ಕಥೆಯ ಕೊನೆಯನ್ನು ಹೇಳಬೇಡಿ. ನಡುವೆ ಪ್ರತಿ ಮಾತನ್ನೂ ಅನುವಾದಿಸುತ್ತಾ ಹೋಗುವ ಬದಲು, ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಏನಾಯಿತು ಎಂದು ಅವರನ್ನೇ ಕೇಳಿ.

ಕಪಾಡಿಯಾ ಅವರ ಚಿತ್ರವನ್ನು ಅಮ್ಮನೊಂದಿಗೆ ನೋಡಿದ್ದು ನನಗೆ ಈ ವಿಷಯದಲ್ಲಿ ದೊಡ್ಡ ಪಾಠವಾಯಿತು. ಮುಂಬೈಯಲ್ಲಿ ನರ್ಸ್ ಆಗಿರುವ ಮಲಯಾಳಿ ಹೆಂಗಸು ಪ್ರಭಾ, ಜರ್ಮನಿಗೆ ಹೋಗಿ ಮಾತೇ ನಿಲ್ಲಿಸಿದ ಅವಳ ಗಂಡ, ಒಂದು ದಿನ ಹೆಸರಿಲ್ಲದೆ ಬಂದಿಳಿಯುವ ಕೆಂಪು ಬಣ್ಣದ ಹೊಸ ರೈಸ್ ಕುಕ್ಕರ್. ರಾತ್ರಿ ಅವಳು ನೆಲದ ಮೇಲೆ ಕುಳಿತು ಆ ಕುಕ್ಕರನ್ನು ತಬ್ಬಿಕೊಳ್ಳುತ್ತಾಳೆ. ಅಲ್ಲಿ ಮಾತಿಲ್ಲ, ಆದ್ದರಿಂದ ಸಬ್‌ಟೈಟಲೂ ಇಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಂಡ ಬರ್ಲಿಲ್ಲ, ಪಾತ್ರೆ ಮಾತ್ರ ಬಂತು, ಅಲ್ವನೇ?’ ಎಂದಳು. ಚಿತ್ರದ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಅಷ್ಟು ಚಿಕ್ಕದಾಗಿ ಅದನ್ನು ಹೇಳಿದವರಿಲ್ಲ. ಮಾತು ಕಡಿಮೆ ಇರುವ, ಮುಖ ಮತ್ತು ಕೆಲಸಗಳ ಮೇಲೆ ನಿಂತ ಚಿತ್ರಗಳನ್ನು ಮನೆಯವರೊಂದಿಗೆ ನೋಡಲು ಮೊದಲು ಆರಿಸಿಕೊಳ್ಳಿ. ಮಾತೇ ಮಾತಾಗಿರುವ ಫ್ರೆಂಚ್ ಕೋರ್ಟ್ ಕಥೆಗಳನ್ನು ಒಬ್ಬರೇ ಇದ್ದಾಗ ನೋಡಿ.

ಮಳೆಗಾಲದಲ್ಲಿ ಹೆಂಚಿನ ಮನೆಯಲ್ಲಿ, ಅದರಲ್ಲೂ ತಗಡಿನ ಮಾಡಿನ ಕೆಳಗೆ, ಟಿವಿಯ ಧ್ವನಿ ಕೇಳಿಸುವುದಿಲ್ಲ. ಸದ್ದನ್ನೇ ನಂಬಿ ಮಾಡಿದ ಚಿತ್ರಗಳನ್ನು, ಉದಾಹರಣೆಗೆ ಮೇಲೆ ಹೇಳಿದ ಕೃತಕ ಕಾಲಿನ ಸದ್ದಿನ ಪನಾಹಿಯವರ ಚಿತ್ರವನ್ನು, ಮಳೆ ಬಿಟ್ಟ ರಾತ್ರಿಗೆ ಮೀಸಲಿಡಿ, ಇಲ್ಲವೇ ಇಯರ್‌ಫೋನ್ ಹಾಕಿಕೊಂಡು ನೋಡಿ.

ಊರಿನವರೊಂದಿಗೆ

ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ನೋಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1973ರಲ್ಲಿಯೇ ಒಂದು ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯಿಂದ ಸತೀಶ್ ಬಹಾದ್ದೂರ್ ಅವರಂಥ ಅಧ್ಯಾಪಕರು ಅಲ್ಲಿಗೆ ಬಂದು ಸಿನಿಮಾ ನೋಡುವುದು ಹೇಗೆ ಎಂದು ಪಾಠ ಮಾಡುತ್ತಿದ್ದರು. ತೋಟದ ಕೆಲಸ ಮುಗಿಸಿ ಬಂದವರು ಅಲ್ಲಿ ಸತ್ಯಜಿತ್ ರೇಯವರ, ಜಪಾನಿನ ಕುರೊಸಾವರ ಚಿತ್ರಗಳನ್ನು ನೋಡಿ ಚರ್ಚೆ ಮಾಡಿದ ನೆನಪು ಈ ಭಾಗದ ಹಿರಿಯರಲ್ಲಿ ಇನ್ನೂ ಇದೆ.

ನೀವೂ ಊರಿನಲ್ಲಿ ಇಂಥದ್ದನ್ನು ಮಾಡಬೇಕೆಂದಿದ್ದರೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಏಳು ಜನ ಸೇರಿ ಒಂದು ಸಂಘವನ್ನು ನೋಂದಾಯಿಸಿ, 1959ರಲ್ಲಿ ಸತ್ಯಜಿತ್ ರೇ ಅವರ ಅಧ್ಯಕ್ಷತೆಯಲ್ಲಿ ಆರಂಭವಾದ ಭಾರತೀಯ ಚಿತ್ರಸಮಾಜಗಳ ಒಕ್ಕೂಟಕ್ಕೆ ಸದಸ್ಯತ್ವ ಕೋರಿ. ಒಟಿಟಿಯ ಮನೆಯ ಚಂದಾ ಮನೆಗಷ್ಟೇ. ಸಮುದಾಯ ಭವನದಲ್ಲಿ ಅದನ್ನು ಹಚ್ಚಿ ಊರಿಗೆಲ್ಲ ತೋರಿಸುವುದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ನಿರ್ದೇಶಕರಿಗೆ ಅಥವಾ ವಿತರಕರಿಗೆ ಒಂದು ನೇರವಾದ ಮಿಂಚಂಚೆ ಬರೆದು, ಊರಿನ ಹೆಸರು, ಜನರ ಸಂಖ್ಯೆ, ಟಿಕೆಟ್ ಇದೆಯೇ ಇಲ್ಲವೇ ಎಂಬುದನ್ನು ತಿಳಿಸಿ ಕೇಳಿ. ಕನ್ನಡದ ಹೊಸ ನಿರ್ದೇಶಕರಲ್ಲಿ ಹಲವರು ತಮ್ಮ ಚಿತ್ರ ಹಳ್ಳಿಯಲ್ಲಿ ತೋರಿಸಲ್ಪಡುವುದನ್ನು ಮನಸಾರೆ ಬಯಸುವವರು. ಶಿರಸಿಯ ಕಡೆಯ ನಟೇಶ್ ಹೆಗಡೆಯವರ ‘ವಾಘಾಚಿಪಾಣಿ’ 2025ರ ಬರ್ಲಿನ್ ಉತ್ಸವದ ಫೋರಂ ವಿಭಾಗಕ್ಕೆ ಹೋಗಿತ್ತು, ಅಂಥ ಚಿತ್ರದಲ್ಲಿ ಕಾಣುವ ಕಾಡೂ ಕೇಳುವ ಮಾತೂ ನಮ್ಮವೇ.

ಪ್ರದರ್ಶನಕ್ಕೆ ಮೊದಲ ಸಲ ಹದಿನೈದು ಜನ ಬಂದರೂ ಸಾಕು. ಕಿಟಕಿಗಳಿಗೆ ಕಪ್ಪು ಬಟ್ಟೆ, ಬಿಳಿಯ ಗೋಡೆ ಇಲ್ಲದಿದ್ದರೆ ಸುಕ್ಕಿಲ್ಲದಂತೆ ಬಿಗಿದು ಕಟ್ಟಿದ ಬಿಳಿ ಪಂಚೆ, ಪ್ರೊಜೆಕ್ಟರ್ ಅನ್ನು ಹೊರುವಷ್ಟು ಯುಪಿಎಸ್, ಧ್ವನಿಗೆ ಎರಡು ಒಳ್ಳೆಯ ಸ್ಪೀಕರ್. ಆರು ಗಂಟೆಗೆ ಆರಂಭಿಸಿದರೆ ಎಂಟಕ್ಕೆ ಮುಗಿಯುತ್ತದೆ. ಮುಗಿದ ತಕ್ಷಣ ದೀಪ ಹಾಕಬೇಡಿ, ಕೊನೆಯ ಹೆಸರುಗಳು ಹೋಗುವವರೆಗೆ ಕತ್ತಲೆಯಲ್ಲಿಯೇ ಕೂರಲಿ. ಆಮೇಲೆ ಬಂದವರಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡುವವರನ್ನು ಮೊದಲು ಕೇಳಿ, ಯಾವ ಪಾತ್ರ ನಿಮಗೆ ಪರಿಚಯದವರಂತೆ ಕಂಡಿತು ಎಂದು. ಚರ್ಚೆಯನ್ನು ಎಂಟೂವರೆಗೆ ನಿಲ್ಲಿಸಿಬಿಡಿ, ದೂರದ ಊರಿನವರಿಗೆ ಕೊನೆಯ ಬಸ್ಸು ಸಿಗಬೇಕು.